ಪಾಲಿಕೆ ಅರ್ಜಿ ಬಗ್ಗೆ ಗೆಳೆಯನಿಗೊಂದು ಪತ್ರ

ದಾವಣಗೆರೆ

ಪ್ರೀತಿಯ ದೋಸ್ತ,

ಇಲ್ಲಿ ಎಲ್ಲರೂ ಆರಾಮ. ನಿನ್ನ ತಂಗಿ ಓದಿಗೆ ಪಾಲಿಕೆಯಿಂದ ಸಿಗೋ ನೆರವಿಗೆ ಅರ್ಜಿ ಹಾಕೋದು ಹೆಂಗೆ ಅಂತ ಅವತ್ತು ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳೋಕಾಗಲಿಲ್ಲ. ನಿನಗೆ ಡ್ಯೂಟಿ ಟೈಮು, ನನ್ನ ಅಂಗಡಿ ಮುಂದೆ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡ ಹುಡುಗರ ಗದ್ದಲ. ಅದಕ್ಕೇ ಶಟರ್ ಅರ್ಧ ಎಳೆದು ಕೂತು ಬರೀತಿದೀನಿ. ಇದೇ ಪ್ರಶ್ನೆ ಹೊತ್ತು ದಿನಾ ಯಾರಾದ್ರೂ ಬರ್ತಾರೆ, ಹಂಗಾಗಿ ನಿಮ್ಮನೆ ಹೆಸರೆಲ್ಲ ಬಿಟ್ಟು ನಾಲ್ಕು ಜನ ಓದೋ ಕಡೆಗೂ ಹಾಕ್ತೀನಿ. ಬೈಬೇಡ.

ಮೊದಲು ನಿಮ್ಮವ್ವನ ಮಾತಿಗೆ ಬರ್ತೀನಿ. "ಪಾಲಿಕೆ ಬಾಗಿಲಿಗೆ ಹೋಗಿ ಕೈ ಒಡ್ಡೋದು ಬ್ಯಾಡ, ದಿನಕ್ಕೆ ಎರಡು ಚೀಲ ಜಾಸ್ತಿ ತುಂಬಿದ್ರಾತು" ಅಂದ್ರಂತಲ್ಲ. ಮಂಡಕ್ಕಿ ಭಟ್ಟಿ ಬಿಸಿಯಲ್ಲಿ ದುಡಿದು ನಿನ್ನ ಐಟಿಐ ದಾಟಿಸಿದ ಹೆಂಗಸು, ಹಂಗನ್ನೋದು ಸಹಜವೇ. ಆದ್ರೆ ಅವ್ವನಿಗೆ ಒಂದು ವಿಷಯ ಬಿಡಿಸಿ ಹೇಳು. ಇದು ಯಾರೋ ಪುಣ್ಯಾತ್ಮರು ಕೊಡೋ ದಾನ ಅಲ್ಲ, ಕಾರ್ಪೊರೇಟರ್ ಜೇಬಿನಿಂದ ಬರೋದೂ ಅಲ್ಲ. ಪಾಲಿಕೆಯೋ ನಗರಸಭೆಯೋ ಪುರಸಭೆಯೋ, ಯಾವುದೇ ಇರ್ಲಿ, ಮನೆ ಕಂದಾಯ, ಮಳಿಗೆ ಬಾಡಿಗೆ, ಲೈಸೆನ್ಸ್ ಫೀ ಅಂತ ಊರಿನಿಂದ ಎತ್ತೋ ಸ್ವಂತ ವರಮಾನದಲ್ಲಿ ಶೇ. 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25 ಉಳಿದ ಬಡವರಿಗೆ, ಶೇ. 5 ವಿಕಲಚೇತನರಿಗೆ ಅಂತ ಎತ್ತಿಡಬೇಕು. ಅದು ಸರ್ಕಾರದ ಆದೇಶ. 24.10 ಅನ್ನೋ ವಿಚಿತ್ರ ಲೆಕ್ಕ ಎಲ್ಲಿಂದ ಬಂತು ಅಂತೀಯಾ? 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಶೇ. 17.15, ಪರಿಶಿಷ್ಟ ಪಂಗಡ ಶೇ. 6.95. ಕೂಡಿಸಿ ನೋಡು. ಹಿಂಗೆ ಎತ್ತಿಟ್ಟ ದುಡ್ಡಿನಲ್ಲೇ ಎಸ್ಸೆಸ್ಸೆಲ್ಸಿ ಆದಮೇಲೆ ಓದೋ ಮಕ್ಕಳಿಗೂ ಒಂದು ಪಾಲು. ನಿಮ್ಮನೆಗೆ ಬರೋದು ಆ 7.25ರ ಲೆಕ್ಕಕ್ಕೆ.

"ನಮಗೇನು ಸ್ವಂತ ಮನೆ ಐತಾ, ನಾವೆಲ್ಲಿ ಕಂದಾಯ ಕಟ್ಟೀವಿ" ಅಂತ ಅವ್ವ ಕೇಳಿದ್ರೆ, ಓನರ್ ಬಾಡಿಗೆ ಏರಿಸೋವಾಗ ಏನಂತಾನೆ ಅಂತ ತಿರುಗಿ ಕೇಳು. "ಕಂದಾಯ ಜಾಸ್ತಿ ಆಯ್ತಮ್ಮ" ಅಂತಾನೆ ತಾನೆ? ಏಪ್ರಿಲ್‌ನಲ್ಲಿ ಕಟ್ಟಿದ್ರೆ ಶೇ. 5 ರಿಯಾಯಿತಿ ಅಂತ ಅವನು ಹೋಗಿ ಕಟ್ಟಿ ಬರ್ತಾನೆ, ಆ ರಿಯಾಯಿತಿ ಅವನಿಗೆ, ಏರಿಕೆ ನಿಮಗೆ. ಹಂಗಿದ್ಮೇಲೆ ಪಾಲಿಕೆ ದುಡ್ಡಿನಲ್ಲಿ ನಿಮ್ಮವ್ವಂದೂ ಐತೆ.

ಅಷ್ಟಕ್ಕೂ ಈ ಊರಲ್ಲಿ ಊರಿನ ದುಡ್ಡಿನಿಂದ ಓದೋದು ಹೊಸದೇನಲ್ಲ. ತಂಗಿ ಓದ್ತಿರೋ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಆ ಮೂರು ಅಕ್ಷರ ಏನು ಅಂತ ಅವಳಿಗೆ ಕೇಳಿ ನೋಡು, ಅಲ್ಲಿ ಓದೋ ಅರ್ಧಕ್ಕರ್ಧ ಹುಡುಗರಿಗೆ ಗೊತ್ತಿರಲ್ಲ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್. 1951ರಲ್ಲಿ ಶುರುವಾದ ಕಾಲೇಜಿಗೆ ದಾನ ಕೊಟ್ಟವರ ಹೆಸರು ಅದು. ಅವತ್ತು ದಾನಿಗಳು ಕೊಟ್ರು, ಇವತ್ತು ಕಂದಾಯದಿಂದ ಬರುತ್ತೆ. ಆ ಕಟ್ಟಡದೊಳಗೆ ಕೂತು ಓದೋಕೆ ನಾಚಿಕೆ ಇಲ್ಲ ಅಂದ್ಮೇಲೆ ಇದಕ್ಕ್ಯಾಕೆ?

ಇನ್ನು ನಿನ್ನ ಪ್ರಶ್ನೆ. "ಎಸ್‌ಎಸ್‌ಪಿಯಲ್ಲಿ ಹಾಕಿದಾಳಲ್ಲ, ಅದೇ ಅಲ್ವಾ ಇದು?" ಅಲ್ಲ ಮಾರಾಯ. ಎಸ್‌ಎಸ್‌ಪಿ ಅಂದ್ರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಪೋರ್ಟಲ್. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ, ಇವೆಲ್ಲದರ ವಿದ್ಯಾರ್ಥಿವೇತನ ಅದರಲ್ಲಿ. ಅಲ್ಲಿ ನಿನ್ನ ಕಾಲೇಜು ಯಾವುದು, ಕೋರ್ಸ್ ಯಾವುದು ಅನ್ನೋದು ಮುಖ್ಯ. ಪಾಲಿಕೆ ಕೇಳೋ ಮೊದಲ ಪ್ರಶ್ನೆಯೇ ಬೇರೆ: ನೀನು ಈ ಊರಿನವನಾ? ಯಾವ ವಾರ್ಡು?

ಇದು ಎಷ್ಟು ಜನಕ್ಕೆ ಗೊತ್ತಾಗಲ್ಲ ಅಂದ್ರೆ, ಮೊನ್ನೆ ಜಗಳೂರು ಕಡೆ ಹುಡುಗ ಒಬ್ಬ ಬಂದಿದ್ದ. ಇಲ್ಲೇ ರೂಮ್ ಮಾಡ್ಕೊಂಡು ಡಿಪ್ಲೊಮಾ ಓದ್ತಿದಾನೆ. ನಾಲ್ಕು ಪುಟ ನೀಟಾಗಿ ತುಂಬಿಸಿ ತಂದಿದ್ದ, ಅಕ್ಷರ ಮುತ್ತಿನ ಹಾಗೆ. ರೇಷನ್ ಕಾರ್ಡು ಊರಿನದು, ಆಧಾರ್ ಊರಿನದು, ಅಪ್ಪನ ವೋಟರ್ ಐಡಿ ಊರಿನದು. ಕಾಲೇಜು ಮಾತ್ರ ದಾವಣಗೆರೆ. ಅವನಿಗೆ ಇಲ್ಲಿ ಬರಲ್ಲ ಅಂತ ಹೇಳೋಕೆ ನನಗೇ ಬೇಜಾರು. ಆದ್ರೆ ಅವನಪ್ಪಂದು ಹೊಲ ಐತೆ, ರೈತರ ನೋಂದಣಿಯ ಫ್ರೂಟ್ಸ್ ಐಡಿ ಐತೆ. ರೈತರ ಮಕ್ಕಳಿಗೆ ಅಂತ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾಗೆ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ಅಂತ ಇಟ್ಟಿದ್ದು. ಬಿ.ಇ. ಆದ್ರೆ 10,000 ಮತ್ತು 11,000. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಬೇರೆ, ಶುರುವಿನಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಇತ್ತು. ಇವೆರಡರ ದಾರಿ ತೋರಿಸಿ ಕಳಿಸಿದೆ. ಚಿತ್ರದುರ್ಗದ ನಗರಸಭೆಗೆ ಹೋದ್ರೂ ಇದೇ ಮಾತು, ದುರ್ಗದಲ್ಲಿ ವಾಸ ಇರೋರಿಗೆ ಮಾತ್ರ ದುರ್ಗದ ದುಡ್ಡು.

ನಿಮ್ಮನೆ ರೇಷನ್ ಕಾರ್ಡ್ ಅವ್ವ ಆವಾಗ್ಲೇ ಈ ಊರಿಗೆ ವರ್ಗ ಮಾಡಿಸಿದ್ದು ಈಗ ಉಪಕಾರಕ್ಕೆ ಬಂತು. ಆದ್ರೆ ತಂಗಿ ಆಧಾರ್‌ನಲ್ಲಿ ಇನ್ನೂ ಹಳೇ ಬಾಡಿಗೆ ಮನೆ ವಿಳಾಸ ಐತೆ. ಊರು ಒಂದೇ ಅಂತ ಸುಮ್ಮನಿರಬೇಡ, ವಾರ್ಡು ಬೇರೆ ಆದ್ರೆ ಪರಿಶೀಲನೆಗೆ ಬಂದವರು ಹಳೇ ಮನೆ ಬಾಗಿಲು ತಟ್ಟಿ "ಇಲ್ಲಿ ಯಾರೂ ಇಲ್ಲ" ಅಂತ ಷರಾ ಬರೆದು ಹೋಗ್ತಾರೆ. ವಿಳಾಸ ಬದಲಾಯಿಸೋದು ಸಣ್ಣ ಕೆಲಸ, ಕಳಿಸು ನಾನೇ ಮಾಡ್ತೀನಿ.

ಆದಾಯ ಪ್ರಮಾಣ ಪತ್ರ ನಾಡಕಚೇರೀದು, ಮೇಲೆ ಆರ್‌ಡಿ ಅಂತ ಶುರುವಾಗೋ ನಂಬರ್ ಇರೋದು. ಐದು ವರ್ಷ ನಡೆಯುತ್ತೆ. ನಿಮ್ಮದು ತಂಗಿ ಪಿಯುಸಿ ಸೇರೋವಾಗ ಮಾಡಿಸಿದ್ದು, ತಾರೀಖು ನೋಡ್ಕೋ. ಹೊಸದಾಗಿ ಮಾಡಿಸೋದಾದ್ರೆ ಅವ್ವ ಅರ್ಜಿಯಲ್ಲಿ ವೃತ್ತಿ ಅನ್ನೋ ಕಡೆ ಬರೀ "ಕೂಲಿ" ಅಂತ ಬರೆಸ್ತಾರೆ, ಎಲ್ಲರೂ ಹಂಗೇ ಬರೆಸೋದು. ನಾನಾದ್ರೆ "ಮಂಡಕ್ಕಿ ಭಟ್ಟಿ ಕೂಲಿ" ಅಂತಲೇ ಬರೀತೀನಿ. ವಿಚಾರಣೆಗೆ ಬರೋ ಗ್ರಾಮ ಆಡಳಿತ ಅಧಿಕಾರಿಗೆ ಭಟ್ಟಿ ಅಂದ್ರೆ ಚೀಲದ ಲೆಕ್ಕದ ದುಡಿಮೆ, ಮಳೆಗಾಲದಲ್ಲಿ ಭತ್ತ ಒಣಗದೆ ಕೆಲಸ ಕಮ್ಮಿ ಅಂತ ಗೊತ್ತಿರುತ್ತೆ. ಪ್ರಶ್ನೆ ಕಮ್ಮಿ ಕೇಳ್ತಾರೆ. ಮತ್ತೆ, ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿಕೊಡ್ತೀನಿ, ಅದಕ್ಕೂ ಮಕ್ಕಳ ಓದಿನ ದುಡ್ಡು ಬರುತ್ತೆ ಅಂತ ಭಟ್ಟಿ ಲೈನಿನಲ್ಲಿ ಒಬ್ಬ ಓಡಾಡ್ತಿದಾನಂತೆ. ಅವ್ವ ಒಂದು ದಿನಾನೂ ಗಾರೆ ಕೆಲಸ ಮಾಡಿಲ್ಲ. ಅವನ ಹತ್ತಿರ ಸುಳಿಯಬೇಡಿ.

ಈಗ ಬ್ಯಾಂಕು. ಇದೊಂದನ್ನ ಗಮನ ಇಟ್ಟು ಓದು, ಯಾಕಂದ್ರೆ ನನ್ನ ಅಂಗಡಿಗೆ ವಾಪಸ್ ಬರೋ ಗೋಳಿನಲ್ಲಿ ಮುಕ್ಕಾಲು ಇದೇ. ತಂಗಿ ಪಾಸ್‌ಬುಕ್ ಫೋಟೋ ಕಳಿಸಿದ್ಯಲ್ಲ, ಅದು ಸಿಂಡಿಕೇಟ್ ಬ್ಯಾಂಕಿಂದು. ಆ ಬ್ಯಾಂಕ್ 2020ರ ಏಪ್ರಿಲ್‌ನಲ್ಲೇ ಕೆನರಾದೊಳಗೆ ಸೇರಿಹೋಯ್ತು. ಎಸ್‌ವೈಎನ್‌ಬಿ ಅಂತ ಶುರುವಾಗೋ ಐಎಫ್‌ಎಸ್‌ಸಿ, ಅಂದ್ರೆ ಬ್ರಾಂಚಿನ ಕೋಡು, ಈಗ ಕೆಲಸಕ್ಕೆ ಬರಲ್ಲ, ಸಿಎನ್‌ಆರ್‌ಬಿ ಅಂತ ಇರಬೇಕು. ಅರ್ಜಿ ಪಾಸಾಗಿ, ಪಟ್ಟಿಯಲ್ಲಿ ಹೆಸರು ಬಂದು, ಕೊನೆಗೆ ದುಡ್ಡು ವಾಪಸ್ ಹೋಗೋದು ಇಂಥ ನಾಲ್ಕು ಅಕ್ಷರಕ್ಕೆ. ಬ್ರಾಂಚಿಗೆ ಹೋಗಿ ಹೊಸ ಪಾಸ್‌ಬುಕ್ ಹಾಕಿಸ್ಕೊಳ್ಳೋಕೆ ಹೇಳು. ಹೋದಾಗ್ಲೇ ಅಕೌಂಟ್ ಚಾಲ್ತಿ ಐತಾ ಕೇಳ್ಲಿ. ಹೈಸ್ಕೂಲಲ್ಲಿ ಸ್ಕಾಲರ್‌ಶಿಪ್ ಅಂತ ತೆರೆದು ಮರೆತ ಅಕೌಂಟುಗಳು ಸತ್ತಂಗೆ ಬಿದ್ದಿರ್ತವೆ.

ಇನ್ನೊಂದು, ಆಧಾರ್ ಜೋಡಣೆ. "ಲಿಂಕ್ ಆಗೈತೆ ಅಣ್ಣ" ಅಂತಾರೆ ಎಲ್ಲರೂ. ಲಿಂಕ್ ಆಗಿರುತ್ತೆ, ಆದ್ರೆ ಆಧಾರ್ ಮೇಲೆ ಬರೋ ಸರ್ಕಾರದ ದುಡ್ಡು ಹೋಗೋದು ಬ್ಯಾಂಕುಗಳ ನಡುವೆ ದುಡ್ಡು ಸಾಗಿಸೋ ಎನ್‌ಪಿಸಿಐ ಸಂಸ್ಥೆಯ ಲೆಕ್ಕದಲ್ಲಿ ಕೊನೆಗೆ ಯಾವ ಬ್ಯಾಂಕ್ ಸೇರಿಸಿರ್ತಾರೋ ಅದಕ್ಕೆ. ಸಿಮ್ ತಗೊಳ್ಳೋವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿ ಮೊಬೈಲಿನಲ್ಲಿ ಒಂದು ಅಕೌಂಟ್ ತೆರೆದಿರ್ತಾನೆ, ದುಡ್ಡು ಅಲ್ಲಿ ಹೋಗಿ ಕೂತಿರುತ್ತೆ, ಹುಡುಗಿ ಪಾಸ್‌ಬುಕ್ ಹಿಡ್ಕೊಂಡು ಅಳ್ತಿರ್ತಾಳೆ. ಎಸ್‌ಎಸ್‌ಪಿಗಂತೂ ಇದು ಪ್ರಾಣ. ಪಾಲಿಕೆಯವರು ಅಕೌಂಟ್ ನಂಬರಿಗೇ ಹಾಕಿದ್ರೂ ಇದನ್ನ ಸರಿ ಮಾಡಿಟ್ಕೊಂಡ್ರೆ ನಷ್ಟ ಇಲ್ಲ.

ಉಳಿದದ್ದು ಮಾಮೂಲಿ: ಜಾತಿ ಪ್ರಮಾಣ ಪತ್ರ, ಹಿಂದಿನ ವರ್ಷದ ಮಾರ್ಕ್ಸ್ ಕಾರ್ಡ್, ಕಾಲೇಜಿನಿಂದ ವ್ಯಾಸಂಗ ಪ್ರಮಾಣ ಪತ್ರ, ಫೀ ಕಟ್ಟಿದ ರಸೀದಿ, ಫೋಟೋ. ರಸೀದಿ ಮಾತ್ರ ಒರಿಜಿನಲ್ ಕೊಟ್ಟು ಕೈ ತೊಳ್ಕೋಬೇಡಿ. ಮಾರ್ಕ್ಸ್ ಕಾರ್ಡಿನಲ್ಲಿ ಅವಳ ಇನಿಷಿಯಲ್ ಹೆಸರಿನ ಹಿಂದೆ ಐತೆ, ಆಧಾರ್‌ನಲ್ಲಿ ಮುಂದೆ. ಇದಕ್ಕೆ ಕೆಲವು ಗುಮಾಸ್ತರು ಏನೂ ಅನ್ನಲ್ಲ, ಕೆಲವರು ನೋಟರಿ ಅಫಿಡವಿಟ್ ತಗೊಂಬಾ ಅಂತಾರೆ. ಮೊದಲೇ ಮಾಡಿಸಿ ದುಡ್ಡು ಕಳ್ಕೋಬೇಡ, ಕೇಳಿದ್ರೆ ನೋಡೋಣ.

ಎಸ್‌ಎಸ್‌ಪಿ ಹಾಕಿರೋದನ್ನ ಪಾಲಿಕೆ ಅರ್ಜಿಯಲ್ಲಿ ಹೇಳಬೇಕಾ ಅಂತ ನೀನು ಪಿಸುಗುಟ್ಟಿದ್ದೆ. ಹೇಳು. "ಇದೇ ಉದ್ದೇಶಕ್ಕೆ ಬೇರೆ ಕಡೆ ನೆರವು ಪಡೆದಿದ್ದೀರಾ" ಅನ್ನೋ ಅಂಕಣಕ್ಕೆ ಇಲ್ಲ ಅಂತ ಬರೆದು ಸಹಿ ಹಾಕಿ, ಆಮೇಲೆ ಎರಡೂ ಕಡೆ ಅದೇ ಆಧಾರ್ ಸಿಕ್ಕಿಬಿದ್ರೆ ಮರ್ಯಾದೆ ಹೋಗೋದು ಹುಡುಗೀದು. ಅಲ್ಲಿಂದ ಎಷ್ಟು ಬಂದೈತೆ, ಫೀಸು ಎಷ್ಟು, ಇನ್ನೂ ಕೈಯಿಂದ ಎಷ್ಟು ಹೋಗ್ತೈತೆ, ಮೂರು ಸಾಲಿನಲ್ಲಿ ಬರೆದ್ರೆ ಸಾಕು. ಕೊರತೆ ಕಾಣೋ ಅರ್ಜಿಗೇ ಬೆಲೆ.

ಯಾವಾಗ ಹಾಕಬೇಕು ಅನ್ನೋದೇ ಈ ವ್ಯವಹಾರದ ದೊಡ್ಡ ತಲೆನೋವು. ಕಾಲೇಜಿಗೆ ಒಂದು ಕ್ಯಾಲೆಂಡರ್, ಪಾಲಿಕೆಗಳಿಗೆ ಇನ್ನೊಂದು. ವರಮಾನದ ಲೆಕ್ಕ ಹಾಕಿ, ಕ್ರಿಯಾ ಯೋಜನೆ ಮಾಡಿ, ಅದಕ್ಕೆ ಮಂಜೂರಾತಿ ಸಿಕ್ಕಿ, ಆಮೇಲೆ ಅರ್ಜಿ ಕರೀತಾರೆ. ಅಷ್ಟರಲ್ಲಿ ಫೀಸಿನ ಕಡೇ ದಿನ ಮುಗಿದು ಎಷ್ಟು ಕಾಲ ಆಗಿರುತ್ತೋ. ಪ್ರಕಟಣೆ ಪೇಪರಿನ ಒಳಪುಟದಲ್ಲಿ ಅಂಗೈ ಅಗಲ ಬರುತ್ತೆ, ಅದೂ ಟೆಂಡರ್ ನೋಟೀಸುಗಳ ಮಧ್ಯೆ. ನನ್ನ ಕೇಳಿದ್ರೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೇಳಾಪಟ್ಟಿ ಬರುವಂಗೆ ಇದಕ್ಕೂ ವರ್ಷಕ್ಕೊಂದು ಗೊತ್ತಾದ ದಿನ ಇಡಬೇಕು, ಪ್ರತಿ ಕಾಲೇಜಿನ ನೋಟೀಸ್ ಬೋರ್ಡಿಗೆ ಅಂಟಿಸಬೇಕು. ಈಗ ಇರೋದು ಹೆಂಗಂದ್ರೆ, ಗೊತ್ತಿದ್ದವರಿಗೆ ಮಾತ್ರ ಗೊತ್ತಾಗೋ ವ್ಯವಸ್ಥೆ. ವಾರ್ಡಿನ ಪುಢಾರಿ ಮನೆ ಹುಡುಗನಿಗೆ ಪ್ರಕಟಣೆಗೆ ಮುಂಚೆಯೇ ನಮೂನೆ ಸಿಕ್ಕಿರುತ್ತೆ, ಭಟ್ಟಿ ಸಾಲಿನ ಹುಡುಗಿಗೆ ಕಡೇ ದಿನ ಆದ್ಮೇಲೆ ಸುದ್ದಿ. ನಿಮ್ಮವ್ವಂಗೆ ಪಾಲಿಕೆ ಅಂದ್ರೆ ಕೈ ಒಡ್ಡೋ ಜಾಗ ಅನ್ಸೋದು ಇದಕ್ಕೇ ಅಂತ ನನ್ನ ಅನುಮಾನ. ಹಕ್ಕಿನ ದುಡ್ಡನ್ನ ಗುಟ್ಟಿನ ದುಡ್ಡು ಮಾಡಿಟ್ರೆ ಯಾರಿಗಾದ್ರೂ ಹಂಗೇ ಅನ್ಸುತ್ತೆ.

ಹಂಗಾಗಿ ಕಾಗದ ಎಲ್ಲ ಒಂದು ಫೈಲಿನಲ್ಲಿ ಸಿದ್ಧ ಇರ್ಲಿ, ಪ್ರಕಟಣೆ ಬಂದ ದಿನವೇ ಕೊಡೋ ಹಂಗೆ. ಕೊಡೋವಾಗ ಎರಡು ಸೆಟ್. ಒಂದು ಅವರಿಗೆ, ಇನ್ನೊಂದರ ಮೇಲೆ ಕಚೇರಿಯ ಟಪಾಲು ವಿಭಾಗದಲ್ಲಿ ಸೀಲು, ತಾರೀಖು ಹಾಕಿಸ್ಕೊಂಡು ವಾಪಸ್. "ಇಟ್ಟು ಹೋಗಮ್ಮ, ನಾನು ಸಾಹೇಬ್ರಿಗೆ ಕೊಡ್ತೀನಿ" ಅಂದ್ರೆ ಇಟ್ಟು ಬರಬಾರದು. ಒಂದು ಕಚೇರಿಯಲ್ಲಿ ಹಂಗೆ ಇಟ್ಟುಬಂದ ನಮ್ಮ ಓಣಿ ಹುಡುಗನ ಅರ್ಜಿ ಕಿಟಕಿ ಪಕ್ಕದ ಟ್ರೇನಲ್ಲೇ ಮಳೆಗೆ ನೆನೆದು ಮುದ್ದೆಯಾಗಿತ್ತು. ಕೇಳಿದ್ರೆ "ನೀವು ಕೊಟ್ಟೇ ಇಲ್ಲ" ಅಂದ್ರು. ಅವನ ಕೈಯಲ್ಲಿ ಸೀಲಿನ ಪ್ರತಿ ಇರಲಿಲ್ಲ, ಮಾತು ಅಲ್ಲಿಗೆ ಮುಗೀತು.

ಎಷ್ಟು ಸಿಗುತ್ತೆ ಅಂತ ನನ್ನ ಬಾಯಿಂದ ಅಂಕಿ ಹೊರಡಿಸ್ಬೇಡ. ಆ ವರ್ಷ ಎಷ್ಟು ಎತ್ತಿಟ್ಟಿದಾರೆ, ಎಷ್ಟು ಅರ್ಜಿ ಬಂದವು, ಅದರ ಮೇಲೆ ಹೋಗುತ್ತೆ. ಹಾಕಿದವರಿಗೆಲ್ಲ ಸಿಗಲ್ಲ ಅನ್ನೋದೂ ನಿಜ. ಈ ವರ್ಷದ ಫೀಸನ್ನ ಇದರ ಮೇಲೆ ನಂಬಿ ಕೂರಬೇಡ, ಅದಕ್ಕೆ ನೀನು ಹೇಳಿದ್ದ ಚೀಟಿ ದುಡ್ಡೇ ಆಗ್ಲಿ. ಇದು ಬಂದಾಗ ಅವಳ ಲ್ಯಾಪ್‌ಟಾಪಿಗೋ, ಮುಂದಿನ ಸೆಮಿಸ್ಟರಿಗೋ.

ಸದ್ಯಕ್ಕೆ ಮೂರು ಕೆಲಸ ನಿನ್ನ ಕಡೆಯಿಂದ ಆಗಬೇಕು. ಹಳೇ ಆದಾಯ ಪತ್ರದ ಫೋಟೋ ಕಳಿಸು. ತಂಗಿಗೆ ಬ್ಯಾಂಕಿಗೆ ಹೋಗೋಕೆ ಹೇಳು, ಅವ್ವನ ಕರ್ಕೊಂಡೇ ಹೋಗ್ಲಿ, ಅವ್ವಂದೂ ಹಳೇ ಸಿಂಡಿಕೇಟ್ ಪಾಸ್‌ಬುಕ್ಕೇ ಇದ್ದಂಗೈತೆ. ಆಮೇಲೆ ಅವ್ವ ಇರೋ ಮನೆ ಓನರ್‌ಗೆ ಫೋನ್ ಮಾಡಿ ಬಾಡಿಗೆ ಕರಾರಿನ ಜೆರಾಕ್ಸ್ ಕೇಳು. ನನ್ನ ಫೀಸು ಏನೂ ಬೇಡ, ನೀನು ರಜಾಕ್ಕೆ ಬಂದಾಗ ಬೆಣ್ಣೆ ದೋಸೆ ಕೊಡಿಸು, ಅದೂ ಎರಡು, ಮೇಲೆ ಬೆಣ್ಣೆ ಜಾಸ್ತಿ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಇರಲ್ಲ, ಅವಳನ್ನ ಅದಕ್ಕೆ ಮುಂಚೆ ಕಳಿಸು.

ಇಂತಿ ನಿನ್ನ,
ಜೆರಾಕ್ಸ್ ಅಂಗಡಿ ಗೆಳೆಯ