ಹೇಳುವ ಹೊತ್ತು ಅವನದು

ಅಮ್ಮತ್ತಿ, ಕೊಡಗು

ಚಿ. ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಿನ್ನ ಫುಟ್‌ಬಾಲ್ ತಂಡದ ಹುಡುಗನೊಬ್ಬ ತಾನು ಗೇ ಎಂದು ನಿನ್ನೊಬ್ಬನ ಬಳಿ ಹೇಳಿಕೊಂಡಿದ್ದಾನೆ. ನೀನು ಅವನ ಹೆಸರು ಬರೆಯದೆ ಬಿಟ್ಟದ್ದು ನನಗೆ ಬಹಳ ಹಿಡಿಸಿತು. ಆದರೆ ಮುಂದಿನ ಪುಟದಲ್ಲೇ, ದೊಡ್ಡ ದೊಡ್ಡ ಆಟಗಾರರು ಹೇಡಿಗಳ ಹಾಗೆ ಮುಚ್ಚಿಡುವುದರಿಂದಲೇ ಇವನಂಥವರಿಗೆ ಕಷ್ಟ, ಇವನಾದರೂ ಎದುರಿಗೆ ಬಂದು ಹೇಳಲಿ, ಬೇಕಾದರೆ ತಂಡದ ಮುಂದೆ ನಾನೇ ಮಾತು ತೆಗೆಯುತ್ತೇನೆ ಎಂದಿದ್ದೀಯ. ಬೇಡ ಮಗನೇ. ಆ ಮಾತು ನೀನು ತೆಗೆಯಬೇಡ. ಅವರನ್ನು ಹೇಡಿಗಳು ಎನ್ನಲೂ ಬೇಡ.

ಜಸ್ಟಿನ್ ಫಶಾನು ಹೆಸರು ಕೇಳಿದ್ದೀಯಾ? 1981ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ ಹತ್ತು ಲಕ್ಷ ಪೌಂಡ್ ಕೊಟ್ಟು ಅವರನ್ನು ಕೊಂಡಿತು. ಬ್ರಿಟನ್ನಿನಲ್ಲಿ ಅಷ್ಟು ಬೆಲೆ ಪಡೆದ ಮೊದಲ ಕಪ್ಪು ಆಟಗಾರ ಅವರೇ. 1990ರ ಅಕ್ಟೋಬರಿನಲ್ಲಿ ತಾನು ಸಲಿಂಗಿ ಎಂದು ಪತ್ರಿಕೆಯ ಮುಂದೆ ಹೇಳಿದರು. ಒಡಹುಟ್ಟಿದ ತಮ್ಮ ಜಾನ್, ಅವರೂ ಫುಟ್‌ಬಾಲ್ ಆಟಗಾರರೇ, ಅಣ್ಣನನ್ನು ಊರಿಗೆಲ್ಲ ಕೇಳುವಂತೆ ದೂರ ಮಾಡಿದರು. ಗ್ಯಾಲರಿಯಿಂದ ಬೈಗುಳ ನಿಲ್ಲಲಿಲ್ಲ. 1998ರ ಮೇ ತಿಂಗಳಲ್ಲಿ, 37ನೇ ವಯಸ್ಸಿನಲ್ಲಿ, ಜಸ್ಟಿನ್ ತಮ್ಮ ಜೀವವನ್ನು ತಾವೇ ತೆಗೆದುಕೊಂಡರು. ಆಗ ಅವರ ಮೇಲೆ ಅಮೆರಿಕದಲ್ಲಿ ಲೈಂಗಿಕ ದೌರ್ಜನ್ಯದ ದೂರೂ ಇತ್ತು, ಹಾಗಾಗಿ ಸಾವಿನ ಕಾರಣವನ್ನೆಲ್ಲ ಈ ಒಂದಕ್ಕೇ ಕಟ್ಟಲಾರೆ. ಆದರೆ ಆ ಕಥೆ ಕೇಳಿ ಬೆಳೆದ ಹುಡುಗರು ಏನು ಕಲಿತರು ಎಂಬುದು ಸ್ಪಷ್ಟ. ಬ್ರಿಟನ್ನಿನಲ್ಲಿ ಆಡುತ್ತಿರುವಾಗಲೇ ಹೀಗೆ ಹೇಳಿಕೊಂಡ ಇನ್ನೊಬ್ಬ ವೃತ್ತಿಪರ ಪುರುಷ ಆಟಗಾರ ಸಿಕ್ಕಿದ್ದು 2022ರಲ್ಲಿ, ಬ್ಲ್ಯಾಕ್‌ಪೂಲ್ ಕ್ಲಬ್ಬಿನ ಜೇಕ್ ಡೇನಿಯಲ್ಸ್. ಅವನಿಗಾಗ 17 ವರ್ಷ. ನಡುವೆ 30 ವರ್ಷಕ್ಕೂ ಮೇಲಾಗಿತ್ತು. ಜರ್ಮನಿಗೆ 52 ಪಂದ್ಯ ಆಡಿದ ಥಾಮಸ್ ಹಿಟ್ಜಲ್‌ಸ್ಪರ್ಗರ್ ಸಹ ನಿವೃತ್ತಿಯಾದ ಮೇಲೆಯೇ, 2014ರಲ್ಲಿ, ಬಾಯಿಬಿಟ್ಟರು.

ಹಣದ ಮಾತೂ ಇದೆ. ಫುಟ್‌ಬಾಲ್ ಆಟಗಾರನ ದುಡಿಮೆ ಹತ್ತು ಹದಿನೈದು ವರ್ಷದ್ದು, ನಾಳೆ ಯಾವ ದೇಶದ ಕ್ಲಬ್ಬಿಗೆ ಮಾರಾಟವಾಗುತ್ತಾನೋ ಅವನಿಗೇ ತಿಳಿಯದು. 2022ರ ವಿಶ್ವಕಪ್ ನಡೆದ ಕತಾರಿನಲ್ಲಿ ಸಲಿಂಗ ಸಂಬಂಧ ಅಪರಾಧ. ಆಸ್ಟ್ರೇಲಿಯಾದ ಜೋಶ್ ಕವಾಲೊ 2021ರಲ್ಲಿ ತನ್ನ ಬಗ್ಗೆ ಹೇಳಿಕೊಂಡ ಮೇಲೆ, ಅಲ್ಲಿ ಆಡಲು ತನಗೆ ಭಯ ಎಂದೂ ಹೇಳಿದ. ಇಂಥವರಿಗೆ ಬೆಂಬಲ ಸೂಚಿಸುವ ಪಟ್ಟಿಯನ್ನು ತೋಳಿಗೆ ಕಟ್ಟುತ್ತೇವೆಂದಿದ್ದ ಯುರೋಪಿನ ಏಳು ತಂಡಗಳು, ಫಿಫಾ ಹಳದಿ ಕಾರ್ಡಿನ ಬೆದರಿಕೆ ಹಾಕಿದ್ದೇ ತಡ, ಹಿಂದೆ ಸರಿದವು. ಒಂದು ಹಳದಿ ಕಾರ್ಡಿಗೆ ಹೆದರಿದವರನ್ನು ಯಾರೂ ಹೇಡಿ ಅನ್ನಲಿಲ್ಲ. ಇಡೀ ಬದುಕನ್ನೇ ಪಣಕ್ಕಿಡಬೇಕಾದವನನ್ನು ಅನ್ನುತ್ತೇವೆ.

ಮನೆಯವರ ವಿಷಯ ನಿನಗೆ ನಾನು ವಿವರಿಸಬೇಕಿಲ್ಲ, ನೀನು ಕೊಡಗಿನವನು. ಇಲ್ಲಿ ಹೊಸಬರು ಸಿಕ್ಕಿದರೆ ಹೆಸರಿಗಿಂತ ಮೊದಲು ಯಾವ ಒಕ್ಕ, ಅಂದರೆ ಯಾವ ಮನೆತನ, ಎಂದು ಕೇಳುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಹಾಕಿ ಹಬ್ಬದಲ್ಲಿ ನಾವು ಆಡುವುದೇ ಮನೆತನದ ಹೆಸರಿನಲ್ಲಿ. ಅದರ ಹೆಮ್ಮೆ ನನಗೆ ಇವತ್ತಿಗೂ ಇದೆ. ಆದರೆ ಹೆಮ್ಮೆಯನ್ನು ಹಂಚಿಕೊಳ್ಳುವ ಮನೆ ನಾಚಿಕೆಯನ್ನೂ ಹಂಚುತ್ತದೆ, ಒಬ್ಬನ ಮಾತಿಗೆ ಹತ್ತು ಮನೆಯವರು ತಲೆತಗ್ಗಿಸಿದೆವು ಎನ್ನುತ್ತಾರೆ. ಗುಜರಾತಿನ ರಾಜಪೀಪ್ಲಾದ ಮಾನವೇಂದ್ರ ಸಿಂಹ ಗೋಹಿಲ್ ರಾಜಮನೆತನದವರು. 2006ರಲ್ಲಿ ಅವರು ಹೇಳಿಕೊಂಡಾಗ ಸ್ವಂತ ಮನೆಯವರೇ ಸಂಬಂಧ ಕಡಿದುಕೊಂಡೆವೆಂದರು, ಊರಿನಲ್ಲಿ ಪ್ರತಿಕೃತಿ ಸುಟ್ಟರು. ಓಟಗಾರ್ತಿ ದ್ಯುತಿ ಚಂದ್ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದ ಮರುವರ್ಷ, 2019ರಲ್ಲಿ, ತನ್ನ ಸಂಗಾತಿ ಒಬ್ಬ ಹೆಣ್ಣು ಎಂದು ಹೇಳಿದಳು. ಮನೆಯೊಳಗಿನಿಂದಲೇ ಬೆದರಿಕೆ ಬಂದದ್ದರಿಂದ ಹೇಳಬೇಕಾಯಿತು ಎಂದು ಅವಳೇ ತಿಳಿಸಿದ್ದಳು. ಅವಳು ಆರಿಸಿಕೊಂಡ ಹೊತ್ತಲ್ಲ ಅದು. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಇದು ಅಪರಾಧವಲ್ಲ ಎಂದಿತು, 2023ರಲ್ಲಿ ಮದುವೆಯ ಹಕ್ಕು ಕೇಳಿದಾಗ ಒಪ್ಪಲಿಲ್ಲ. ಪೊಲೀಸರ ಭಯ ಹೋಯಿತು, ಮದುವೆ ಮಂಟಪದಲ್ಲಿ ನಿನ್ನದು ಯಾವಾಗ ಎಂದು ಕೇಳುವ ಅತ್ತೆಯಂದಿರ ಭಯ ಹೋಗಲಿಲ್ಲ.

ಇನ್ನು ನಾನು ಕಣ್ಣಾರೆ ಕಂಡದ್ದು. ಅಷ್ಟು ವರ್ಷ ಪಿ.ಟಿ. ಟೀಚರಾಗಿ ಮೈದಾನದಲ್ಲಿ ನಿಂತವಳು ನಾನು. ಆಡುವ ಹುಡುಗಿಯನ್ನು ಊರು ಮೊದಲೇ ಗಂಡುಬೀರಿ ಅಂದಿರುತ್ತದೆ. ಆ ಮಾತನ್ನು ದಾಟಿಯೇ ಅವಳು ಮೈದಾನಕ್ಕೆ ಬಂದಿರುತ್ತಾಳೆ. ಹೆಣ್ಣುಮಕ್ಕಳ ಫುಟ್‌ಬಾಲಿನಲ್ಲಿ ಮೇಗನ್ ರಪಿನೋ ಅವರಂಥವರು ಮುಕ್ತವಾಗಿ ಬದುಕುತ್ತಲೇ ವಿಶ್ವಕಪ್ ಎತ್ತಿದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಊಹೆ. ಹುಡುಗರಿಗೆ ಹಾಗಲ್ಲ. ಅವರಿಗೆ ಆಟವೇ ಗಂಡಸುತನದ ಪರೀಕ್ಷೆ. ಪಾಸ್ ತಪ್ಪಿದರೆ 'ಹೆಣ್ಣಿಗ', ಬಿದ್ದು ನೋವೆಂದರೆ 'ಚಕ್ಕಾ'. ಹೇಳುವವನು ತಮಾಷೆಗೆ ಹೇಳಿ ಮರೆಯುತ್ತಾನೆ. ಅಲ್ಲೇ ಲೇಸು ಕಟ್ಟಿಕೊಳ್ಳುತ್ತಾ ಕೂತವನು ಮಾತ್ರ ಯಾರು ಹೇಳಿದರು, ಯಾರು ನಕ್ಕರು, ಯಾರು ಸುಮ್ಮನಿದ್ದರು ಎಲ್ಲವನ್ನೂ ಲೆಕ್ಕ ಇಟ್ಟಿರುತ್ತಾನೆ. ನಿನ್ನ ಗೆಳೆಯ ನಿನ್ನನ್ನೇ ಆರಿಸಿ ಹೇಳಿದ್ದೂ ಅಂಥದೇ ಲೆಕ್ಕ ಹಾಕಿ.

ಆದ್ದರಿಂದ ನೀನು ಮಾಡಬೇಕಾದ್ದು ಅವನನ್ನು ಮುಂದೆ ತಳ್ಳುವುದಲ್ಲ. ನೀನು ಕ್ಯಾಪ್ಟನ್. ನಾಳೆಯ ಪ್ರಾಕ್ಟೀಸಿನಲ್ಲಿ ಆ ಪದ ಯಾರ ಬಾಯಿಂದ ಬಂದರೂ ಆಟ ನಿಲ್ಲಿಸು. ಕಾರಣ ಕೇಳಿದರೆ, ನನ್ನ ತಂಡದಲ್ಲಿ ಇದು ನಡೆಯುವುದಿಲ್ಲ ಎಂದಷ್ಟೇ ಹೇಳು, ಉಪದೇಶ ಬೇಡ, ಆ ಹುಡುಗನ ಕಡೆ ನೋಡಲೂಬೇಡ. ಕೋಚ್ ಅಂಥ ಮಾತು ಆಡಿದರೆ ಅವರನ್ನು ಒಬ್ಬರೇ ಇದ್ದಾಗ ಕಂಡು ಮಾತಾಡು. ಅವನು ಎಂದಿಗೂ ಬೇರೆ ಯಾರಿಗೂ ಹೇಳದೆ ಇರಬಹುದು, ಅದೂ ಅವನ ಹಕ್ಕೇ. ನಿನಗೆ ಹೇಳಿದ್ದನ್ನು ಸಾಮಾಜಿಕ ಜಾಲತಾಣದ ಸುದ್ದಿ ಮಾಡಬೇಡ, ನಿನ್ನ ಅತ್ಯಂತ ನಂಬಿಕೆಯ ಗೆಳೆಯನಿಗೂ ಹೇಳಬೇಡ. ಅವನು ತೀರಾ ಕುಗ್ಗಿದ ಹಾಗೆ ಕಂಡರೆ ಮಾತ್ರ ಅವನನ್ನೇ ಕೇಳಿ, ಅವನು ಒಪ್ಪಿದ ವೈದ್ಯರ ಬಳಿ ಜೊತೆಯಲ್ಲಿ ಹೋಗು.

ಸೆಪ್ಟೆಂಬರ್ ಮೊದಲ ವಾರ ನಮ್ಮ ಕೈಲ್‌ಪೊಳ್ದ್ ಹಬ್ಬ. ಇಡೀ ತಂಡವನ್ನೇ ಕರೆದುಕೊಂಡು ಬಾ, ಅಕ್ಕಿಯ ಉಂಡೆ ಕಡಂಬುಟ್ಟು ಎಷ್ಟು ಬೇಕೆಂದು ಮೊದಲೇ ತಿಳಿಸು. ಅವರಲ್ಲಿ ಅವನು ಯಾರೆಂದು ನನಗೆ ಗೊತ್ತಾಗುವುದು ಬೇಡ. ಮದುವೆಯ ಪ್ರಶ್ನೆ ಕೇಳುವವರನ್ನೆಲ್ಲ ನಾನು ಅಡುಗೆಮನೆಯಲ್ಲೇ ತಡೆಯುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ