ನಿಮ್ಮವನೊಬ್ಬ ನಮ್ಮೂರ ಶಾಲೆ ಎಣಿಸಿದ್ದ: ಮೊರಾಕೊ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಅಝುಲ್. ನಿಮ್ಮ ಅಟ್ಲಾಸ್ ಬೆಟ್ಟದ ಕಡೆಯವರು ನಮಸ್ಕಾರ ಹೇಳುವುದು ಹೀಗೆ ಅಂತ ಓದಿ ಕಲಿತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹೊನ್ನಾವರದ ಒಬ್ಬ ನಿವೃತ್ತ ಮೇಷ್ಟ್ರು. ನಿಮಗೂ ನನಗೂ ಎತ್ತಣಿಂದೆತ್ತ ಸಂಬಂಧ ಅಂತೀರಾ? ಇದೆ, ಬಹಳ ಹಳೇದು. 14ನೇ ಶತಮಾನದಲ್ಲಿ ನಿಮ್ಮ ಟ್ಯಾಂಜಿಯರ್‌ನ ಯಾತ್ರಿಕ ಇಬ್ನ್ ಬತೂತ ನಮ್ಮೂರಿಗೆ ಬಂದಿದ್ದ. ಅವನ ಮನೆತನ ಲವಾತ ಎಂಬ ಬರ್ಬರ್ ಕುಲದ್ದು. ಬರ್ಬರರು ಅಂದರೆ ಉತ್ತರ ಆಫ್ರಿಕಾದ ಮೂಲ ಜನ. ಇಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿವೆ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದು ಬರೆದಿಟ್ಟ. ಈಗ ನಿಮ್ಮಲ್ಲಿ ಆ ಬರ್ಬರರ ಭಾಷೆ ಕಲಿಸುವ ಶಾಲೆಗಳ ಲೆಕ್ಕ ಕೇಳುವ ಸರದಿ ನಮ್ಮದು, ಅಲ್ವಾ?

ಬರ್ಬರ್ ಅಂತ ಬರೆಯುವಾಗ ಕೈ ಹಿಂಜರಿಯುತ್ತದೆ. ಪೇಪರ್‌ನಲ್ಲಿ ‘ಬರ್ಬರ ಹತ್ಯೆ’ ಅಂತ ಓದಿ ಬೆಳೆದವರು ನಾವು. ತಮ್ಮ ಭಾಷೆ ಬಾರದವರಿಗೆಲ್ಲ ಗ್ರೀಕರು ಇಟ್ಟ ಅಡ್ಡಹೆಸರು ಈ ಜನಕ್ಕೆ ಅಂಟಿಬಿಟ್ಟಿತು. ಅವರು ತಮ್ಮನ್ನು ಕರೆದುಕೊಳ್ಳುವುದು ಅಮಾಝಿಗ್ ಎಂದು, ಹಲವರಾದರೆ ಇಮಾಝಿಗೆನ್. ನಾನೂ ಹಾಗೇ ಕರೆಯುತ್ತೇನೆ.

ಮಾತು ಬಾರದವರು ಅಂತ ಹೆಸರು ಹೊತ್ತ ಈ ಜನಕ್ಕೆ ಲಿಪಿ ಎಷ್ಟು ಹಳೇದು ನೋಡಿ. ಟುನೀಶಿಯಾದ ದುಗ್ಗಾದಲ್ಲಿ ಅವರ ರಾಜ ಮಸಿನಿಸ್ಸನ ನೆನಪಿಗೆ ಕ್ರಿ.ಪೂ. 2ನೇ ಶತಮಾನದಲ್ಲಿ ಒಂದು ಗುಡಿ ಕಟ್ಟಿದರು. ಅದರ ಶಾಸನದಲ್ಲಿ ಕಾರ್ಥೇಜ್ ನಗರದವರ ಪ್ಯೂನಿಕ್ ಭಾಷೆಯ ಪಕ್ಕದಲ್ಲೇ ಇವರ ಭಾಷೆ, ಇವರದೇ ಅಕ್ಷರ. ನಮ್ಮ ಹಲ್ಮಿಡಿ ಶಾಸನಕ್ಕಿಂತ ಸುಮಾರು ಆರು ಶತಮಾನ ಹಿಂದಿನದು. ಮುಂದೆ ಉತ್ತರದಲ್ಲಿ ಆ ಬರಹ ಮರೆಯಾಯಿತು. ಸಹಾರಾದ ತುವಾರೆಗ್ ಜನ ಮಾತ್ರ ಬಿಡಲಿಲ್ಲ. ಅದೇ ತಿಫಿನಾಗ್.

2003ರಲ್ಲಿ ನಿಮ್ಮಲ್ಲಿ ಅಮಾಝಿಗ್ ಭಾಷೆ ಬರೆಯಲು ಅರಬಿ, ರೋಮನ್, ತಿಫಿನಾಗ್ ಯಾವ ಲಿಪಿ ಎಂದು ಜಗಳವಾಯಿತು. ನನಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಮನೆಮಾತು ಕೊಂಕಣಿ. ಅದನ್ನು ನಾವು ಕನ್ನಡದಲ್ಲಿ, ಗೋವಾದವರು ದೇವನಾಗರಿಯಲ್ಲಿ, ಇನ್ನು ಕೆಲವರು ರೋಮನ್‌ನಲ್ಲಿ ಬರೆಯುತ್ತಾರೆ. ನಮ್ಮ ಜಗಳ ಇನ್ನೂ ಮುಗಿದಿಲ್ಲ. ನೀವು ತಿಫಿನಾಗ್ ಎಂದು ತೀರ್ಮಾನಿಸಿ, ಅದೇ ವರ್ಷ 317 ಶಾಲೆಗಳಲ್ಲಿ ಪಾಠ ಶುರು ಮಾಡಿದಿರಿ. ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು ಆ ಆರಂಭ.

ಆಮೇಲೆ? 2011ರ ಸಂವಿಧಾನ ಅಮಾಝಿಗ್ ಭಾಷೆಯನ್ನು ಅಧಿಕೃತ ಎಂದಿತು. ಅದನ್ನು ಜಾರಿಗೆ ತರುವ ಕಾನೂನು ಬರಲು 2019 ಆಯಿತು. 2024ರಿಂದ ಅವರ ಹೊಸ ವರ್ಷ ಯೆನ್ನಾಯೆರ್‌ಗೆ ಸರ್ಕಾರಿ ರಜೆಯೂ ಸಿಕ್ಕಿತು. ಕಚೇರಿಗಳ ಬೋರ್ಡ್ ಮೇಲೆ ತಿಫಿನಾಗ್ ಬಂತು. ತರಗತಿಗೆ ಮಾತ್ರ ಅದು ಕುಂಟುತ್ತಾ ಬರುತ್ತಿದೆ. ಎರಡು ದಶಕ ಕಳೆದರೂ ಎಲ್ಲ ಪ್ರಾಥಮಿಕ ಶಾಲೆಗಳನ್ನು ಮುಟ್ಟಿಲ್ಲ. 2024ರ ಜನಗಣತಿ ಪ್ರಕಾರ ಈ ಭಾಷೆ ಆಡುವವರು ನಿಮ್ಮ ಜನಸಂಖ್ಯೆಯ ಕಾಲು ಭಾಗದಷ್ಟು. ಬೋರ್ಡ್ ಬರೆಯಲು ಪೇಂಟರ್ ಸಾಕು, ಓದಲು ಕಲಿಸೋಕೆ ಮೇಷ್ಟ್ರು ಬೇಕು. ಪೇಂಟರ್ ಬೇಗ ಸಿಗುತ್ತಾನೆ, ಅದು ನಮ್ಮಲ್ಲೂ ಹಾಗೇ.

ಎರಡೇ ಕೇಳಿಕೆ. 2023ರ ಸೆಪ್ಟೆಂಬರ್ ಭೂಕಂಪ ಹೈ ಅಟ್ಲಾಸ್‌ನ ಹಳ್ಳಿಗಳನ್ನು ನೆಲಸಮ ಮಾಡಿತು. ಸುಮಾರು ಮೂರು ಸಾವಿರ ಜನ ಸತ್ತರು. ಅಲ್ಲಿ ಮನೆಮನೆಯ ಮಾತು ತಶೆಲ್ಹೀತ್, ಅಮಾಝಿಗ್‌ನದೇ ಒಂದು ರೂಪ. ಎಲ್ಲ ಕಳೆದುಕೊಂಡ ಮಗು ಶಾಲೆಯಲ್ಲಾದರೂ ಅಮ್ಮನ ಮಾತು ಕೇಳಲಿ. ಅಮಾಝಿಗ್ ಕಲಿಸುವ ಶಿಕ್ಷಕರನ್ನು ಮೊದಲು ಆ ಊರುಗಳಿಗೆ ಕಳಿಸಿ.

ಇನ್ನೊಂದು, ಪ್ರತಿ ವರ್ಷ ಊರುವಾರು ಲೆಕ್ಕ ಹೊರಗೆ ಹಾಕಿ. ಯಾವ ಶಾಲೆ, ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ವಾರಕ್ಕೆ ಎಷ್ಟು ಗಂಟೆ. ದೋಣಿಯಿಂದಿಳಿದ ಒಬ್ಬ ಯಾತ್ರಿಕ ನಮ್ಮೂರಲ್ಲಿ ಮಾಡಿದ ಕೆಲಸ ಅದು. ನಿಮಗೆ ಇಡೀ ಇಲಾಖೆಯೇ ಇದೆ.

ಇಂತಿ,
ಹೊನ್ನಾವರದ ಒಬ್ಬ ಮೇಷ್ಟ್ರು