ಹಾಜರಿ ಪುಸ್ತಕದ ಕೆಂಪು ಗೀಟು: ಮಗಳಿಗೊಂದು ಪತ್ರ

ರಾಯಚೂರು

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ಅವ್ವನೂ ಕ್ಷೇಮ. ಮಾನವ ಕಳ್ಳಸಾಗಣೆಯ ಬಗ್ಗೆ ಜಾಗೃತಿ ಮೂಡಿಸಲು ಬೆಂಗಳೂರಿನಲ್ಲಿ ನಡೆಯುವ ಓಟದಲ್ಲಿ 10 ಕಿಲೋಮೀಟರ್ ಓಡುತ್ತೇನೆಂದೂ, ನಿನ್ನ ಹೆಸರಿನಲ್ಲಿ ನಾವು ದೇಣಿಗೆ ಕೊಡಬೇಕೆಂದೂ ಫೋನಿನಲ್ಲಿ ಹೇಳಿದೆ. ಬಸ್ಸು ತಪ್ಪೀತೆಂಬ ಭಯಕ್ಕಲ್ಲದೆ ಬೇರಾವುದಕ್ಕೂ ಓಡಿ ಗೊತ್ತಿರದ ನನಗೆ, ಜನ ಹಣ ಕಟ್ಟಿ ಓಡುತ್ತಾರೆಂಬುದೇ ಮೊದಲು ವಿಚಿತ್ರವೆನಿಸಿತು. ಆದರೆ ವಿಷಯ ಎರಡು ದಿನವಾದರೂ ತಲೆಯಿಂದ ಹೋಗಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

‘ಕಳ್ಳಸಾಗಣೆ’ ಎಂಬ ಪದವೇ ನನಗೆ ಒಪ್ಪಿಗೆಯಾಗುವುದಿಲ್ಲ. ಅದನ್ನು ಕೇಳಿದವರ ಕಣ್ಣಿಗೆ ಕತ್ತಲು, ಮುಚ್ಚಿದ ಲಾರಿ, ಬಾಯಿಗೆ ಬಟ್ಟೆ ಕಟ್ಟಿದ ಮಗು ಬರುತ್ತವೆ. ನಾನು ಮೇಷ್ಟ್ರಾಗಿದ್ದ ದೇವದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ ಕಂಡದ್ದು ಅದಲ್ಲ. ಹಾಡುಹಗಲೇ ಪರಿಚಯದ ಮನುಷ್ಯನೊಬ್ಬ ಬರುತ್ತಿದ್ದ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, ಮದುವೆಯ ಖರ್ಚಿಗೋ ಬೋರು ಕೊರೆಸಿದ ಸಾಲಕ್ಕೋ ಮುಂಗಡ ಎಣಿಸಿ ಕೊಟ್ಟು, ಇಂಥ ದಿನ ತಯಾರಾಗಿರಿ ಎಂದು ಹೇಳಿ ಹೋಗುತ್ತಿದ್ದ. ಗುಳೆ ಹೋಗುವುದೆಲ್ಲ ಸಾಗಣೆಯಲ್ಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡದ ಕೆಲಸವೇ ನಮ್ಮ ಕಡೆಯ ಎಷ್ಟೋ ಮನೆಗಳ ಒಲೆ ಉರಿಸಿದೆ. ಅದನ್ನೂ ಅಪರಾಧದ ಸಾಲಿಗೆ ಸೇರಿಸಿದರೆ ದುಡಿದು ತಿನ್ನುವವರನ್ನು ಅವಮಾನಿಸಿದಂತೆ. ಆದರೆ ಹೋದವರು ಹಬ್ಬಕ್ಕೆ ಊರಿಗೆ ಬರಲೂ ಅಪ್ಪಣೆ ಬೇಡಬೇಕಾದಾಗ, ಮುಂಗಡ ತೀರಿತೋ ಇಲ್ಲವೋ ಎಂಬ ಲೆಕ್ಕ ಮಾಲೀಕನೊಬ್ಬನ ಪುಸ್ತಕದಲ್ಲೇ ಉಳಿದಾಗ, ಅದನ್ನು ಗುಳೆ ಎಂದು ಕರೆಯಲಾಗದು.

ಈ ವ್ಯತ್ಯಾಸವನ್ನು ಕಾನೂನು ನಮಗಿಂತ ಚೆನ್ನಾಗಿ ಬಲ್ಲದು. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ, ಶೋಷಣೆಯ ಉದ್ದೇಶದಿಂದ ಒಬ್ಬರನ್ನು ಬೆದರಿಸಿ, ಎಳೆದೊಯ್ದು, ಮೋಸದಿಂದ ಸಾಗಿಸುವುದರ ಜೊತೆಗೆ, ಅವರ ಮೇಲೆ ಹಿಡಿತವುಳ್ಳವರ ಒಪ್ಪಿಗೆ ಪಡೆಯಲು ಹಣ ಕೊಡುವುದನ್ನೂ ಸಾಗಣೆಯ ದಾರಿಯೆಂದೇ ಎಣಿಸುತ್ತದೆ. ಸಾಗಿಸಲ್ಪಟ್ಟವರು ತಾವೇ ಒಪ್ಪಿ ಬಂದರೆಂಬ ಮಾತು ಅಲ್ಲಿ ನಡೆಯುವುದಿಲ್ಲ. ಸಾಗಿಸಿದ್ದು ಮಗುವನ್ನಾದರೆ ಶಿಕ್ಷೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ. ಕಟ್ಟೆಯ ಮೇಲೆ ಎಣಿಸಿ ಕೊಟ್ಟ ಆ ನೋಟುಗಳೂ ಈ ಕಲಮಿನೊಳಗೆ ಬರಬಹುದೆಂದು ಆ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ, ಹಳೆಯ ದಂಡ ಸಂಹಿತೆಯಲ್ಲಿ 2013ರಿಂದಲೇ ಇದೇ ಮಾತಿದ್ದರೂ.

ನನಗೂ ತಿಳಿದಿರಲಿಲ್ಲ. ಐದನೆಯ ತರಗತಿಯ ಹುಡುಗಿಯೊಬ್ಬಳು ಹತ್ತಿ ಬಿಡಿಸುವ ಕಾಲದಲ್ಲಿ ಟಂಟಂ ಹತ್ತಿ ಕೂಲಿಗೆ ಹೋಗಿ ಮರಳಿ ಶಾಲೆಗೆ ಬರುವುದು ವಾಡಿಕೆಯಾಗಿತ್ತು. ಒಂದು ವರ್ಷ ಬರಲಿಲ್ಲ. ಅವಳ ತಂದೆಯನ್ನು ಕೇಳಿದಾಗ, ಯಾರದೋ ಮನೆಗೆಲಸಕ್ಕೆ ಬೆಂಗಳೂರಿಗೆ ಕಳಿಸಿದ್ದೇವೆ, ಊಟ ಬಟ್ಟೆ ಚೆನ್ನಾಗಿದೆಯಂತೆ ಎಂದು ನನ್ನ ಮುಖ ನೋಡದೆ ಹೇಳಿದ. ನಾನು ಹಾಜರಿ ಪುಸ್ತಕದಲ್ಲಿ ‘ದೀರ್ಘ ಗೈರು’ ಎಂದು ಬರೆದು ಕೆಂಪು ಗೀಟು ಎಳೆದೆ. ಮುಂದಿನ ವರ್ಷದ ಪುಸ್ತಕಕ್ಕೆ ಅವಳ ಹೆಸರನ್ನು ದಾಟಿಸಲೇ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಮಾಡಿದ್ದರೆ ಸಾಕಿತ್ತು. ಆ ಸಂಖ್ಯೆ ಶಾಲೆಯ ಗೋಡೆಯ ಮೇಲೆಯೇ ಬರೆದಿತ್ತು.

ಹಾಗಾಗಿ ನಿಮ್ಮ ಓಟವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಹಣ ಕೇಳಿದ್ದೀಯಾದ್ದರಿಂದ ಲೆಕ್ಕ ಕೇಳುವ ಹಕ್ಕು ನನಗಿದೆ. ನೀನು ಕಟ್ಟಿದ ಪ್ರವೇಶ ಶುಲ್ಕದಲ್ಲಿ ಟೀ ಶರ್ಟು, ಪದಕ, ನೀರು, ಆಂಬುಲೆನ್ಸುಗಳ ಖರ್ಚು ಕಳೆದು ಉಳಿಯುವುದೆಷ್ಟು, ಆ ಉಳಿಕೆ ಯಾರ ಕೈ ಸೇರುತ್ತದೆ ಎಂದು ಸಂಘಟಕರನ್ನು ಸಂಕೋಚವಿಲ್ಲದೆ ವಿಚಾರಿಸು. ಜೀತದಿಂದ ಬಿಡಿಸಿ ತಂದವರಿಗೆ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವುಂಟು. ಲಕ್ಷಗಳ ಪೂರ್ಣ ಮೊತ್ತವಾದರೋ ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯುತ್ತದೆ, ಮತ್ತು ನಮ್ಮ ನ್ಯಾಯಾಲಯಗಳ ವೇಗ ನಿನಗೆ ಗೊತ್ತೇ ಇದೆ. ಆ ನಡುವಿನ ವರ್ಷಗಳಲ್ಲಿ ಮನೆ ಬಾಡಿಗೆ, ಮಕ್ಕಳ ಶಾಲೆ, ಸಾಕ್ಷಿ ಹೇಳಲು ಹೋಗಿ ಬರುವ ಬಸ್ ಚಾರ್ಜು ಹೊಂದದೆ ಜನ ಮತ್ತೆ ಅದೇ ದಲ್ಲಾಳಿಯ ಮುಂದೆ ಕೈಯೊಡ್ಡುತ್ತಾರೆ. ಓಟದ ಹಣ ಈ ಸಂದಿಗೆ ಬಿದ್ದರೆ ನನ್ನ ದೇಣಿಗೆ ಸಾರ್ಥಕ. ಮತ್ತೊಂದು ವೇದಿಕೆಯ ಹೂವಿನ ಅಲಂಕಾರಕ್ಕಾದರೆ ಬೇಡ.

ಇನ್ನೊಂದು ಮಾತು. ಪಾರಾಗಿ ಬಂದ ಮಗುವಿನ ಫೋಟೋ, ಹೆಸರು, ಊರು ನಿಮ್ಮ ಬ್ಯಾನರಿನ ಮೇಲಾಗಲಿ ವೇದಿಕೆಯ ಭಾಷಣದಲ್ಲಾಗಲಿ ಬರಕೂಡದು. ಬಾಲನ್ಯಾಯ ಕಾಯ್ದೆಯೂ ಅದನ್ನು ತಡೆಯುತ್ತದೆ. ಕಾಯ್ದೆ ತಡೆಯದಿದ್ದರೂ ನಾವು ತಡೆಯಬೇಕಿತ್ತು.

ವಿಶ್ವಸಂಸ್ಥೆ ಜುಲೈ 30ನ್ನು ಈ ವಿಷಯಕ್ಕೆಂದೇ ಗೊತ್ತುಮಾಡಿದೆ. ಆದರೆ ಆಗ ನಮ್ಮ ಜನ ಮುಂಗಾರಿನ ಹೊಲದಲ್ಲಿರುತ್ತಾರೆ. ಸುಗ್ಗಿ ಮುಗಿದೋ ಬೆಳೆ ಒಣಗಿಯೋ ಗಂಟುಮೂಟೆ ಕಟ್ಟಿಕೊಂಡು ರಾಯಚೂರಿನ ರೈಲು ನಿಲ್ದಾಣದಲ್ಲಿ ಮಕ್ಕಳೊಡನೆ ಕುಳಿತಿರುವ ದಿನಗಳು ಬೇರೆ. ಒಂದು ಓಟ ಆ ವಾರದಲ್ಲಿ, ಬಿಸಿಲೇರುವ ಮುಂಚೆ, ತೀನ್ ಕಂದೀಲಿನಿಂದ ಹೊರಟು ನಿಲ್ದಾಣದಲ್ಲಿ ಮುಗಿಯುವಂತೆ ಮಾಡಲು ಸಾಧ್ಯವೇ ಎಂದು ನಿನ್ನ ಗೆಳತಿಯರೊಂದಿಗೆ ಯೋಚಿಸು. ಓಡುವವರು ಇಪ್ಪತ್ತೇ ಜನರಾದರೂ ನೋಡುವವರು ಸರಿಯಾದವರಾಗಿರುತ್ತಾರೆ.

2,000 ರೂಪಾಯಿ ಕಳಿಸುತ್ತಿದ್ದೇನೆ, ರಸೀದಿ ತಪ್ಪದೆ ತೆಗೆದುಕೋ. ಹೊಸ ಬೂಟು ಹಾಕಿಕೊಂಡು ಅದೇ ದಿನ ಓಡಬೇಡವೆಂದು ನಿನ್ನ ಅವ್ವ ಹೇಳುತ್ತಿದ್ದಾಳೆ. ಓಟ ಮುಗಿದ ಮೇಲೆ 1098 ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದ ಫಲಕಗಳು ಉಳಿದರೆ ಎಸೆಯದೆ ರಾಯಚೂರಿನ ರಾತ್ರಿ ಬಸ್ಸಿಗೆ ಹಾಕಿಸು. ಬೆಳಿಗ್ಗೆ ನಾನೇ ಹೋಗಿ ಇಳಿಸಿಕೊಳ್ಳುತ್ತೇನೆ.

ಇಂತಿ,
ನಿನ್ನ ಅಪ್ಪ